ಭಾವನನ್ನು ನೋಡಲು ಜೈಲಿಗೆ ಹೋಗಿದ್ದೆ, ಅವರ ಮಾತು ಕೇಳಿ ಭಯವಾಗಿದೆ. ಏನು ಮಾಡಲಿ?

ಮದ್ದೂರು_ಹೈದ (ಭಾನುವಾರ ರಾತ್ರಿ 10:48)

ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಊರಿನ ಹೆಸರು, ಜೈಲಿನ ಹೆಸರು ಹಾಕುವುದಿಲ್ಲ, ದಯವಿಟ್ಟು ಕೇಳಬೇಡಿ.

ನಮ್ಮಕ್ಕನ ಗಂಡ ಐದು ವಾರದಿಂದ ಒಳಗಿದ್ದಾರೆ. ನಾಲೆ ತೂಬಿನ ನೀರಿಗೆ ಜಗಳ ಆಗಿ, ಎದುರಿನವರ ತಲೆಗೆ ಪೆಟ್ಟು ಬಿದ್ದು ಕೇಸಾಯಿತು. ತಪ್ಪು ಯಾರದು ಅನ್ನುವುದು ಇಲ್ಲಿ ಬೇಡ, ಅದು ಕೋರ್ಟಿನಲ್ಲಿ ಆಗಲಿ. ಬೇಲ್ ಸಿಕ್ಕಿ ಹನ್ನೆರಡು ದಿನ ಆಯಿತು. ಆದರೆ ಇಬ್ಬರು ಶ್ಯೂರಿಟಿ (ಜಾಮೀನು ನಿಲ್ಲುವವರು) ಬೇಕು, ಅವರ ಜಮೀನಿನ ಪಹಣಿ ಬೇಕು. ನಮ್ಮ ಜಮೀನು ಇನ್ನೂ ತಾತನ ಹೆಸರಿನಲ್ಲೇ ಇದೆ, ತಾತ ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಿಲ್ಲ. ಊರಿನಲ್ಲಿ ಕೇಳಿದರೆ ಎಲ್ಲರೂ "ನೋಡೋಣ ಕಣಪ್ಪ" ಅನ್ನುತ್ತಾರೆ, ಆಮೇಲೆ ಫೋನ್ ಎತ್ತುವುದಿಲ್ಲ.

ಶುಕ್ರವಾರ ನೋಡಲು ಹೋಗಿದ್ದೆ. ಮೊದಲ ಎರಡು ಸಲ ಹೋದಾಗ ಅಳುತ್ತಿದ್ದರು. ಈ ಸಲ ಅಳಲಿಲ್ಲ. ನಗುನಗುತ್ತಲೇ, "ಎಮ್ಮೆ ಮಾರಿ ಸೊಸೈಟಿ ಸಾಲ ತೀರಿಸಿಬಿಡು. ಪಾಪೂನ ನೀನೇ ಓದಿಸು. ನಿಮ್ಮಕ್ಕ ಇಲ್ಲಿಗೆ ಬರುವುದು ಬೇಡ" ಅಂದರು. ಎಮ್ಮೆ ಗಬ್ಬ ಇದೆ, ಈ ತಿಂಗಳೋ ಮುಂದಿನ ತಿಂಗಳೋ ಈಯುತ್ತದೆ. ಅಂಥ ಎಮ್ಮೆ ಮಾರು ಅನ್ನುವ ಮನುಷ್ಯ ಅವರಲ್ಲ. ಮನೆಗೆ ಬಂದು ಹೇಳಿದರೆ ಅಮ್ಮ "ಸದ್ಯ, ಸಮಾಧಾನ ಆಗಿದ್ದಾನಲ್ಲ" ಅಂದರು. ನನಗೆ ಮಾತ್ರ ಹೊಟ್ಟೆಯಲ್ಲಿ ಏನೋ ಆಗುತ್ತಿದೆ. ಸುಮ್ನೆ ಭಯ ಪಡುತ್ತಿದ್ದೇನಾ?

ಅಕ್ಕ ಇನ್ನೂ ಒಂದು ಸಲವೂ ನೋಡಲು ಹೋಗಿಲ್ಲ. ಬಸ್ಸಿನಲ್ಲಿ ಯಾರಾದರೂ "ಎಲ್ಲಿಗಮ್ಮ" ಅಂತ ಕೇಳಿದರೆ ಏನು ಹೇಳಲಿ ಅಂತ ಅಳುತ್ತಾಳೆ.

ಹಳೇ_ಖಾಕಿ (ಭಾನುವಾರ ರಾತ್ರಿ 11:15)

ತಮ್ಮಾ, ಸುಮ್ನೆ ಭಯ ಅಲ್ಲ ಇದು. ನಾನು ವಾರ್ಡರ್ ಆಗಿದ್ದವನು, ಈಗ ರಿಟೈರ್ಡ್. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗು. ಗೇಟಿನಲ್ಲಿ ನಿಂತವರಿಗೆ ಮಾತ್ರ ಹೇಳಿ ಬರಬೇಡ. ಸೂಪರಿಂಟೆಂಡೆಂಟ್ ಇಲ್ಲದಿದ್ದರೆ ಜೈಲರ್ ಕೇಳು. ಒಂದು ಬಿಳಿ ಹಾಳೆಯಲ್ಲಿ ನಾಲ್ಕು ಸಾಲು ಬರೆದುಕೊಂಡು ಹೋಗು. "ಬೇಜಾರಿನಲ್ಲಿದ್ದಾರೆ" ಅಂತ ಬರೆದರೆ ಯಾರೂ ಓದುವುದಿಲ್ಲ, ಅಲ್ಲಿ ಎಲ್ಲರೂ ಬೇಜಾರಿನಲ್ಲೇ ಇರುತ್ತಾರೆ. ಅವರು ಆಡಿದ ಮಾತನ್ನು ಹಾಗೇ ಬರೆ. ಎಮ್ಮೆ ಮಾರು ಅಂದದ್ದು, ಮಗಳನ್ನು ಓದಿಸು ಅಂದದ್ದು, ಹೆಂಡತಿ ಬೇಡ ಅಂದದ್ದು. ತಾರೀಖು ಹಾಕು. ಕೊನೆಯಲ್ಲಿ "ಜೈಲು ಡಾಕ್ಟರಿಗೆ ತೋರಿಸಿ, ಒಬ್ಬರನ್ನೇ ಬಿಡಬೇಡಿ" ಅಂತ ಸೇರಿಸು. ಒಂದು ಪ್ರತಿಗೆ ಸೀಲ್ ಹಾಕಿಸಿಕೊಂಡು ಬಾ.

ಬರೆದು ಯಾಕೆ ಕೊಡಬೇಕು ಅಂದರೆ, ಡ್ಯೂಟಿ ಬದಲಾಗುತ್ತದೆ. ಹಗಲು ಇದ್ದವನಿಗೆ ಗೊತ್ತಿದ್ದದ್ದು ರಾತ್ರಿಯವನಿಗೆ ಗೊತ್ತಿರುವುದಿಲ್ಲ. ಬಾಯಿ ಮಾತು ಶಿಫ್ಟ್ ಜೊತೆಗೇ ಮನೆಗೆ ಹೋಗುತ್ತದೆ. ನನ್ನ ಸರ್ವಿಸಿನಲ್ಲಿ ಎರಡು ಸಲ ಹಾಗಾಗಿದೆ, ಎಲ್ಲಿ ಅಂತ ಹೇಳುವುದಿಲ್ಲ. ಎರಡು ಸಲವೂ ಮನೆಯವರು ಮೊದಲೇ ಬಂದು ಯಾರಿಗೋ ಹೇಳಿ ಹೋಗಿದ್ದರು. ಆ ಯಾರೋ ಮಾರನೇ ದಿನ ರಜೆ.

ವಾರ್ಡಿನ_ಸಿಸ್ಟರ್ (ಭಾನುವಾರ ರಾತ್ರಿ 11:32)

ಮನೋರೋಗ ವಿಭಾಗದಲ್ಲಿ ನರ್ಸ್ ನಾನು, ಮೈಸೂರಿನಲ್ಲಿ. ಹಳೇ ಖಾಕಿ ಅವರು ಹೇಳಿದ್ದು ಸರಿ. ಅಳುತ್ತಿದ್ದವರು ಇದ್ದಕ್ಕಿದ್ದ ಹಾಗೆ ಶಾಂತವಾಗಿ, ಸಾಲ ತೀರಿಸು, ಮಗಳನ್ನು ನೋಡಿಕೋ ಅಂತ ಒಂದೊಂದೇ ಒಪ್ಪಿಸುತ್ತಿದ್ದಾರೆ ಅಂದರೆ ಅದನ್ನು ಸಮಾಧಾನ ಅಂತ ತಿಳಿಯಬಾರದು. ನಾವು ವಾರ್ಡಿನಲ್ಲಿ ಇಂಥವರ ಮಂಚವನ್ನೇ ನರ್ಸ್ ಟೇಬಲ್ ಹತ್ತಿರಕ್ಕೆ ಎಳೆದುಕೊಳ್ಳುತ್ತೇವೆ.

ಮುಂದಿನ ಸಲ ನೋಡಿದಾಗ ನೇರವಾಗಿ ಕೇಳಿ. "ಭಾವ, ಸಾಯಬೇಕು ಅನ್ನಿಸುತ್ತಿದೆಯಾ?" ಅಂತಲೇ. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದ ಹಾಗೆ ಆಗುತ್ತದೆ ಅಂತ ಜನ ಹೆದರುತ್ತಾರೆ. ಹಾಗೆ ಆಗುವುದಿಲ್ಲ. ಬಹಳ ಜನ ಯಾರಾದರೂ ಕೇಳಲಿ ಅಂತಲೇ ಕಾಯುತ್ತಿರುತ್ತಾರೆ. ಹೌದು ಅಂದರೆ ಬೈಯಬೇಡಿ, ದೇವರ ಮೇಲೆ ಆಣೆ ಹಾಕಿಸಬೇಡಿ, "ಮಗಳ ಮುಖ ನೋಡು" ಅಂತ ಚುಚ್ಚಬೇಡಿ. ಕೇಳಿಸಿಕೊಳ್ಳಿ, ಆಮೇಲೆ ಸೀದಾ ಜೈಲರ್ ಹತ್ತಿರ ಹೋಗಿ.

ಅಂದ ಹಾಗೆ ನಿಮ್ಮ ಭಾವ ಕುಡಿಯುತ್ತಿದ್ದರಾ? ತಪ್ಪು ತಿಳಿಯಬೇಡಿ, ಕಾರಣ ಇದೆ.

ನಿರ್ವಾಹಕ (ಭಾನುವಾರ ರಾತ್ರಿ 11:40)

ಎಲ್ಲರಿಗೂ ಒಂದು ಮಾತು. ಯಾರು ಹೇಗೆ ಸತ್ತರು ಅನ್ನುವ ವಿವರ ಈ ಚರ್ಚೆಯಲ್ಲಿ ಬೇಡ, ಬರೆದರೆ ತೆಗೆಯುತ್ತೇನೆ. ಓದುವವರಲ್ಲಿ ಯಾರಿಗಾದರೂ ಇಂಥ ಯೋಚನೆ ಬರುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಗೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಚಾಮುಂಡಿಪುರಂ_ವಾಸಿ (ಸೋಮವಾರ ಬೆಳಿಗ್ಗೆ 6:55)

ಕೆಟ್ಟದಾಗಿ ಹೇಳುತ್ತಿಲ್ಲ. ಆದರೆ ತಲೆಗೆ ಪೆಟ್ಟು ಬಿದ್ದವರ ಮನೆಯಲ್ಲಿ ಯಾರು ರಾತ್ರಿ ಎದ್ದು ಕೂತಿದ್ದಾರೆ ಅಂತ ಯಾರೂ ಕೇಳಲಿಲ್ಲ ನೋಡಿ. ಹೊರಗೆ ರೈತರು ಸಾಯುತ್ತಿದ್ದಾರೆ. ಒಳಗೆ ಮೂರು ಹೊತ್ತು ಊಟ, ಕಾವಲು, ಡಾಕ್ಟರ್ ಎಲ್ಲ ಇದೆ. ಇನ್ನೂ ಏನು ಬೇಕು?

ಕರಿಕೋಟು_ಮಂಡ್ಯ (ಸೋಮವಾರ ಬೆಳಿಗ್ಗೆ 8:10)

ವಕೀಲ ನಾನು. ಚಾಮುಂಡಿಪುರಂ ಸಾರ್, ಪೆಟ್ಟು ಬಿದ್ದವರಿಗೂ ಬೇಕಾದದ್ದು ಕೇಸ್ ನಡೆದು ತೀರ್ಪು ಬರುವುದು. ಆರೋಪಿ ಮಧ್ಯದಲ್ಲೇ ಸತ್ತರೆ ಅವನ ಮೇಲಿನ ಕೇಸೂ ಅಲ್ಲಿಗೇ ಮುಗಿಯುತ್ತದೆ. ಇನ್ನೊಂದು, ಒಳಗಿರುವವರಲ್ಲಿ ಜಾಸ್ತಿ ಜನಕ್ಕೆ ಶಿಕ್ಷೆಯೇ ಆಗಿಲ್ಲ. ಎನ್‌ಸಿಆರ್‌ಬಿಯ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ) 2022ರ ಲೆಕ್ಕ ನೋಡಿ. ದೇಶದ ಜೈಲುಗಳಲ್ಲಿ 5.73 ಲಕ್ಷ ಜನ, ಅದರಲ್ಲಿ 4.34 ಲಕ್ಷ ವಿಚಾರಣಾಧೀನರು. ನೂರಕ್ಕೆ 75ಕ್ಕೂ ಜಾಸ್ತಿ. ನೂರು ಜನರ ಜಾಗದಲ್ಲಿ 131 ಜನ. ಆ ಒಂದು ವರ್ಷದಲ್ಲಿ ಜೈಲಿನೊಳಗೆ 119 ಆತ್ಮಹತ್ಯೆ, ಅದರ ಹಿಂದಿನ ವರ್ಷ 150. ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ಅಮಿತಾವ ರಾಯ್ ಸಮಿತಿ 2017ರಿಂದ 2021ರವರೆಗಿನ ಲೆಕ್ಕ ತೆಗೆದಿತ್ತು. ಅಸಹಜ ಸಾವು 817, ಅದರಲ್ಲಿ ಆತ್ಮಹತ್ಯೆ 660. ಜೈಲು ಅಂದರೆ ನಮಗೆ ಹೊಡೆದಾಟ ನೆನಪಾಗುತ್ತದೆ, ಲೆಕ್ಕ ಬೇರೆಯೇ ಹೇಳುತ್ತದೆ.

ಈಗ ಮದ್ದೂರಿನವರಿಗೆ. ಬೇಲ್ ಆಗಿ ಹನ್ನೆರಡು ದಿನ ಅಂದಿರಿ. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಹೇಳಿದೆ, ಬೇಲ್ ಆಗಿ ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲ್ ಸೂಪರಿಂಟೆಂಡೆಂಟ್ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಅವರು ಒಳಗೆ ಯಾರನ್ನಾದರೂ ಕಳಿಸಿ, ಯಾಕೆ ನಿಂತಿದೆ ಅಂತ ವಿಚಾರಿಸಿ ಸಹಾಯ ಮಾಡಬೇಕು. ತಿಳಿಸಿದ್ದಾರಾ ಕೇಳಿ. ಇಲ್ಲದಿದ್ದರೆ ನೀವೇ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100 ಗೆ ಫೋನ್ ಮಾಡಿ. ಕಸ್ಟಡಿಯಲ್ಲಿರುವವರಿಗೆ ಉಚಿತ ವಕೀಲರು ಸಿಗಬೇಕು ಅಂತ ಕಾನೂನೇ ಇದೆ, ಆದಾಯ ಎಷ್ಟು ಅಂತ ಕೇಳುವ ಹಾಗಿಲ್ಲ.

ಶ್ಯೂರಿಟಿ ಸಿಗದಿದ್ದರೆ ಷರತ್ತು ಸಡಿಲ ಮಾಡಿ ಅಂತ ಅದೇ ಕೋರ್ಟಿಗೆ ಅರ್ಜಿ ಹಾಕಬಹುದು. ಇಬ್ಬರ ಬದಲು ಒಬ್ಬರು, ಅಥವಾ ಶ್ಯೂರಿಟಿ ಬದಲು ನಗದು ಠೇವಣಿ. ದುಡ್ಡಿಲ್ಲದ ಬಡವರಿಗೆ ಕೇಂದ್ರದ ಒಂದು ಯೋಜನೆ ಇದೆ, 2023ರಲ್ಲಿ ಬಂದದ್ದು. ವಿಚಾರಣಾಧೀನರ ಜಾಮೀನಿಗೆ ದುಡ್ಡು ಕೊಡುತ್ತಾರೆ, ಜಿಲ್ಲಾ ಸಮಿತಿ ಒಪ್ಪಬೇಕು.

ಊರಿನವರು ಪಹಣಿ ಕೊಡಲು ಹೆದರುವುದು ಜಮೀನೇ ಹೋಗುತ್ತದೆ ಅನ್ನುವ ಭಯಕ್ಕೆ. ಆರೋಪಿ ತಪ್ಪಿಸಿಕೊಂಡರೆ ಮಾತ್ರ, ಅದೂ ಬಾಂಡಿನಲ್ಲಿ ಬರೆದ ಮೊತ್ತದಷ್ಟಕ್ಕೆ ಜವಾಬ್ದಾರಿ. ಬೇಡ ಅನ್ನಿಸಿದರೆ ಕೋರ್ಟಿಗೆ ಅರ್ಜಿ ಕೊಟ್ಟು ಬಿಡಿಸಿಕೊಳ್ಳಬಹುದು. ಇದನ್ನು ಅವರಿಗೆ ಕೂತು ಹೇಳಿ.

ಮದ್ದೂರು_ಹೈದ (ಸೋಮವಾರ ಬೆಳಿಗ್ಗೆ 8:31)

ಬಸ್ಸಿನಲ್ಲಿದ್ದೇನೆ. ಸಿಸ್ಟರ್, ಹೌದು, ದಿನಾ ಕುಡಿಯುತ್ತಿದ್ದರು, ಗದ್ದೆಯಿಂದ ಬಂದ ಮೇಲೆ. ವಕೀಲರೇ, ಏಳು ದಿನದ್ದು ನಮಗೆ ಯಾರೂ ಹೇಳಿರಲಿಲ್ಲ. ಒಂದು ಭಯ ಇದೆ, ಹೀಗೆ ಬರೆದು ಕೊಟ್ಟರೆ ಭಾವನ ಮೇಲೆ ಇನ್ನೊಂದು ಕೇಸ್ ಹಾಕಿಬಿಟ್ಟರೆ?

ಕರಿಕೋಟು_ಮಂಡ್ಯ (ಸೋಮವಾರ ಬೆಳಿಗ್ಗೆ 8:36)

ಹಾಕುವುದಿಲ್ಲ, ಧೈರ್ಯವಾಗಿ ಕೊಡಿ. ಯೋಚನೆ ಬಂದದ್ದು ಯಾವತ್ತೂ ಅಪರಾಧ ಅಲ್ಲ. ಪ್ರಯತ್ನ ಮಾಡಿದವರನ್ನೂ ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಶಿಕ್ಷೆ ಕೊಡಬಾರದು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ. ಆತ್ಮಹತ್ಯೆ ಪ್ರಯತ್ನಕ್ಕೆ ಶಿಕ್ಷೆ ಹೇಳುತ್ತಿದ್ದ ಹಳೇ ಐಪಿಸಿಯ 309ನೇ ಸೆಕ್ಷನ್ ಇತ್ತಲ್ಲ, 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯಲ್ಲಿ ಅದು ಇಲ್ಲ. ಅಧಿಕಾರಿಗಳನ್ನು ಕೆಲಸದಿಂದ ತಡೆಯಲೋ ಬಗ್ಗಿಸಲೋ ಹಾಗೆ ಮಾಡಿದರೆ ಅನ್ನುವ ಬೇರೆ ಸೆಕ್ಷನ್ ಇದೆ, ನಿಮ್ಮ ವಿಷಯಕ್ಕೆ ಅದು ಸಂಬಂಧ ಇಲ್ಲ.

ವಾರ್ಡಿನ_ಸಿಸ್ಟರ್ (ಸೋಮವಾರ ಬೆಳಿಗ್ಗೆ 9:20)

ಕುಡಿತದ ವಿಷಯ ಯಾಕೆ ಕೇಳಿದೆ ಅಂದರೆ, ದಿನಾ ಕುಡಿಯುವವರು ಅರೆಸ್ಟ್ ಆದ ದಿನವೇ ನಿಲ್ಲಿಸಿದ ಹಾಗಾಯಿತು. ಎರಡನೇ ಮೂರನೇ ದಿನಕ್ಕೆ ಕೈ ನಡುಕ, ಬೆವರು, ನಿದ್ದೆ ಇಲ್ಲ. ಕೆಲವರಿಗೆ ಫಿಟ್ಸ್ ಬರುತ್ತದೆ, ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಯಾರೋ ಕೊಲ್ಲಲು ಬಂದರು ಅಂತ ಕೂಗುತ್ತಾರೆ. ಒಳಗೆ ಅದನ್ನು ನಾಟಕ ಅಂದುಕೊಳ್ಳುತ್ತಾರೆ, ಇಲ್ಲಾ ಗಾಳಿ ಸೋಕಿದೆ ಅನ್ನುತ್ತಾರೆ. ಅದು ಆಸ್ಪತ್ರೆಗೆ ಕರೆದೊಯ್ಯಬೇಕಾದ ಕಾಯಿಲೆ, ಜೀವಕ್ಕೇ ಅಪಾಯ. ನಿಮ್ಮ ಭಾವ ಐದು ವಾರ ದಾಟಿದ್ದಾರೆ, ಆ ಘಟ್ಟ ಮುಗಿದಿದೆ. ಆದರೆ ಆಮೇಲೆ ಬರುವ ಮಂಕು, ನಿದ್ದೆ ಇಲ್ಲದಿರುವುದು ಬಹಳ ದಿನ ಇರುತ್ತದೆ. ಜೈಲು ಡಾಕ್ಟರಿಗೆ ಕುಡಿತದ ಲೆಕ್ಕ ಮುಚ್ಚಿಡದೆ ಹೇಳಿ.

ಇದು ಅಪರೂಪ ಅಲ್ಲ. ನಿಮ್ಹಾನ್ಸ್‌ನವರು ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಐದು ಸಾವಿರಕ್ಕೂ ಜಾಸ್ತಿ ಜನರನ್ನು ಪರೀಕ್ಷೆ ಮಾಡಿದ್ದರು, 2011ರಲ್ಲಿ ವರದಿ ಬಂತು. ನೂರಕ್ಕೆ ಸುಮಾರು 80 ಜನಕ್ಕೆ ಮಾನಸಿಕ ಕಾಯಿಲೆ ಅಥವಾ ಕುಡಿತ, ತಂಬಾಕಿನಂಥ ಚಟ. ಚಟ ಬಿಟ್ಟು ಲೆಕ್ಕ ಹಾಕಿದರೂ ನೂರಕ್ಕೆ 27 ಜನಕ್ಕೆ ಕಾಯಿಲೆ.

ನಾಲ್ಕು_ತಿಂಗಳು (ಸೋಮವಾರ ಮಧ್ಯಾಹ್ನ 1:05)

ನಾನು ನಾಲ್ಕು ತಿಂಗಳು ಒಳಗಿದ್ದು ಬಂದವನು. ಕೇಸ್ ಖುಲಾಸೆ ಆಯಿತು, ಆದರೆ ಅದು ಆರು ವರ್ಷ ಆದ ಮೇಲೆ.

ಒಳಗೆ ಊಟ ಇದೆ, ಕಾವಲು ಇದೆ, ನಿಜ. ಸಂಜೆ ಎಣಿಕೆ ಮಾಡಿ ಬ್ಯಾರಕ್ ಬೀಗ ಹಾಕುತ್ತಾರಲ್ಲ, ಹೊರಗೆ ಇನ್ನೂ ಬೆಳಕಿರುತ್ತದೆ, ಹಕ್ಕಿ ಕೂಗುತ್ತಿರುತ್ತದೆ. ಅಲ್ಲಿಂದ ಬೆಳಿಗ್ಗೆವರೆಗೆ ಹನ್ನೆರಡು ಗಂಟೆ. ಲೈಟ್ ಆರಿಸುವುದಿಲ್ಲ. ಆ ಹನ್ನೆರಡು ಗಂಟೆಯಲ್ಲಿ ತಲೆ ಏನೇನು ಲೆಕ್ಕ ಹಾಕುತ್ತದೆ ಅಂತ ಹೇಳಿದರೆ ನೀವು ನಂಬುವುದಿಲ್ಲ. ಸಜಾ ಆದವರಿಗೆ ಮಗ್ಗ, ಬಡಗಿ ಕೆಲಸ ಅಂತ ಏನಾದರೂ ಇರುತ್ತದೆ. ವಿಚಾರಣಾಧೀನರಿಗೆ ಹಗಲೂ ಖಾಲಿ.

ಮೊದಲ ರಾತ್ರಿ ಕಷ್ಟ ಅನ್ನುತ್ತಾರೆ, ನಿಜ. ನನಗೆ ಅದಕ್ಕಿಂತ ಕಷ್ಟ ಆದದ್ದು ಕೋರ್ಟ್ ದಿನದ ಸಂಜೆ. ಒಂದು ವಾರದಿಂದ ಆ ದಿನಕ್ಕೆ ಕಾದಿರುತ್ತೀರಿ. ವಿಡಿಯೋ ಮುಂದೆ ನಿಲ್ಲಿಸುತ್ತಾರೆ, ಎರಡು ನಿಮಿಷ, ಏನೋ ಇಂಗ್ಲಿಷ್‌ನಲ್ಲಿ ಮಾತು, ಮುಂದಿನ ದಿನಾಂಕ. ಏನಾಯಿತು ಅಂತ ಹೇಳುವವರು ಯಾರೂ ಇಲ್ಲ. ವಾಪಸ್ ಬ್ಯಾರಕ್. ಎಲ್ಲರೂ "ಏನಾಯ್ತು" ಅಂತ ಕೇಳಿದರೆ ನನಗೇ ಗೊತ್ತಿಲ್ಲ.

ಮನೆಯವರಿಗೆ ಒಂದು ಕೋರಿಕೆ. ಸುಳ್ಳು ಹೇಳಬೇಡಿ. ನಮ್ಮಣ್ಣ ಪ್ರತಿ ಸಲ ಬಂದು "ಸೋಮವಾರ ಬಂದುಬಿಡುತ್ತೀಯಾ" ಅನ್ನುತ್ತಿದ್ದ. ಪ್ರೀತಿಯಿಂದಲೇ ಹೇಳಿದ್ದು. ಮೂರು ಸೋಮವಾರ ಬ್ಯಾಗ್ ಕಟ್ಟಿ ಕೂತೆ. ಮೂರನೇ ಸೋಮವಾರ ರಾತ್ರಿ ನಾನೂ ನಿಮ್ಮ ಭಾವನ ಹಾಗೆಯೇ ಆಗಿದ್ದೆ, ಇನ್ನು ಜಾಸ್ತಿ ಬರೆಯುವುದಿಲ್ಲ. ಪಕ್ಕದಲ್ಲಿ ಒಬ್ಬರು ಆಲೆಮನೆಯವರು ಮಲಗುತ್ತಿದ್ದರು, ಪಾಂಡವಪುರದ ಕಡೆಯವರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಏನನ್ನಿಸಿತೋ, ನನ್ನನ್ನು ಎಬ್ಬಿಸಿ ಕೂರಿಸಿ, "ನನ್ನ ಹೆಂಡತಿಗೊಂದು ಕಾಗದ ಬರಕೊಡಪ್ಪ" ಅಂದರು. ರಾತ್ರಿ ಎರಡು ಗಂಟೆಗೆ. ಬೆಲ್ಲದ ಪಾಕ ಹೇಗೆ ತೆಗೆಯುವುದು ಅಂತ ಮೂರು ಪುಟ ಹೇಳಿದರು, ಹೆಂಡತಿಗೆ ಅದು ಗೊತ್ತಿರಲಿಲ್ಲವಾ? ಮಾರನೇ ದಿನದಿಂದ ಬ್ಯಾರಕ್ಕಿನವರಿಗೆಲ್ಲ ಕಾಗದ, ಅರ್ಜಿ ಬರೆಯುವುದು ನನ್ನ ಕೆಲಸ ಆಯಿತು.

ಹಳೇ_ಖಾಕಿ (ಸೋಮವಾರ ಮಧ್ಯಾಹ್ನ 1:40)

ಆ ಆಲೆಮನೆಯವರಿಗೆ ಯಾರೂ ಟ್ರೈನಿಂಗ್ ಕೊಟ್ಟಿರಲಿಲ್ಲ ನೋಡಿ. ಮಾನವ ಹಕ್ಕುಗಳ ಆಯೋಗ 2023ರಲ್ಲಿ ಜೈಲುಗಳಿಗೆ ಕಳಿಸಿದ ಸಲಹೆಯಲ್ಲಿ ಇದೇ ಇದೆ. ಕೈದಿಗಳಲ್ಲೇ ಒಳ್ಳೆಯ ಮನಸ್ಸಿನವರನ್ನು ಆರಿಸಿ, ಅಪಾಯದಲ್ಲಿರುವವರನ್ನು ಗುರುತಿಸಲು ಕಲಿಸಿ ಅಂತ. ಬ್ರಿಟನ್ನಿನಲ್ಲಿ ಸಮಾರಿಟನ್ಸ್ ಅನ್ನುವ ಸಂಸ್ಥೆ 1991ರಲ್ಲಿ ಸ್ವಾನ್ಸಿ ಜೈಲಿನಲ್ಲಿ ಶುರು ಮಾಡಿತು, ಕೈದಿಗಳೇ ಕೈದಿಗಳ ಮಾತು ಕೇಳುವುದು. ಈಗಲೂ ನಡೆಯುತ್ತಿದೆ.

ನಮ್ಮ ಕಾಲದಲ್ಲಿ ಏನು ಮಾಡುತ್ತಿದ್ದೆವು ಗೊತ್ತಾ? ಯಾರಾದರೂ ಹಾಗೆ ಮಾತಾಡಿದರೆ ಸೀದಾ ಒಂಟಿ ಸೆಲ್. ಕಣ್ಣ ಮುಂದೆ ಇರುತ್ತಾನೆ ಅಂತ ನಮ್ಮ ಲೆಕ್ಕ. ಕಣ್ಣ ಮುಂದೆ ಅಂದರೆ ಗಂಟೆಗೊಮ್ಮೆ ಟಾರ್ಚ್ ಬಿಟ್ಟು ನೋಡುವುದು, ಅಷ್ಟೇ. ಒಬ್ಬನೇ ಇಡುವುದರಿಂದ ಅಪಾಯ ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಜೈಲುಗಳಿಗೆ ಅಂತ ಹೊರತಂದ ಪುಸ್ತಿಕೆಯಲ್ಲಿ ಬರೆದಿದೆಯಂತೆ. ನನಗೆ ಅದು ಗೊತ್ತಾದದ್ದು ರಿಟೈರ್ ಆಗುವ ವರ್ಷ, ಒಂದು ದಿನದ ತರಬೇತಿಯಲ್ಲಿ. ಅವತ್ತು ಮಧ್ಯಾಹ್ನ ಊಟ ಇಳಿಯಲಿಲ್ಲ.

ವಾರ್ಡರ್‌ಗಳನ್ನು ಬೈಯುವುದು ಸುಲಭ. ಸಾವಾದರೆ ಮ್ಯಾಜಿಸ್ಟ್ರೇಟ್ ವಿಚಾರಣೆ ಆಗುತ್ತದೆ, 24 ಗಂಟೆಯೊಳಗೆ ಆಯೋಗಕ್ಕೆ ವರದಿ ಹೋಗಬೇಕು, ಅದು ಆಗಬೇಕಾದದ್ದೇ. ಆದರೆ ಸಸ್ಪೆಂಡ್ ಆಗುವ ಭಯಕ್ಕೆ ನಾವು ತಪಾಸಣೆ ಜಾಸ್ತಿ ಮಾಡುತ್ತಿದ್ದೆವು, ಹಾಸಿಗೆ ಕೊಡವಿ ಬ್ಯಾಗ್ ಹುಡುಕುತ್ತಿದ್ದೆವು. ಪಕ್ಕದಲ್ಲಿ ಕೂತು "ಯಾಕಪ್ಪ ಎರಡು ದಿನದಿಂದ ಮುದ್ದೆ ಮುಟ್ಟಿಲ್ಲ" ಅಂತ ಕೇಳಲು ಪುರುಸೊತ್ತೂ ಇರಲಿಲ್ಲ, ಅಭ್ಯಾಸವೂ ಇರಲಿಲ್ಲ.

ರಂಗದ_ಹುಚ್ಚು (ಸೋಮವಾರ ಮಧ್ಯಾಹ್ನ 3:15)

ಮೈಸೂರಿನವರಿಗೆ ನೆನಪಿರಬಹುದು, ರಂಗಾಯಣದ ಹುಲುಗಪ್ಪ ಕಟ್ಟೀಮನಿ ಜೈಲಿನವರಿಂದಲೇ ನಾಟಕ ಆಡಿಸಿದರು, ಹೊರಗಿನ ರಂಗಮಂದಿರಗಳಿಗೂ ತಂದರು. ನಾನು ಒಂದು ನೋಡಿದ್ದೇನೆ. ಮುಗಿದ ಮೇಲೆ ನಟರ ಮನೆಯವರು ವೇದಿಕೆ ಹತ್ತಿರ ಬಂದು ಬಣ್ಣ ಹಚ್ಚಿದ ಮುಖವನ್ನೇ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಆದರೆ ಇಂಥದ್ದು ಹೆಚ್ಚಾಗಿ ಸಿಗುವುದು ಸಜಾ ಆದವರಿಗೆ. ಇವತ್ತು ಬಂದು ನಾಳೆ ಹೋಗಬಹುದಾದವರನ್ನು ಯಾರು ನಾಟಕಕ್ಕೆ ಸೇರಿಸಿಕೊಳ್ಳುತ್ತಾರೆ?

ಚಾಮುಂಡಿಪುರಂ_ವಾಸಿ (ಸೋಮವಾರ ಸಂಜೆ 5:50)

ಬೆಳಿಗ್ಗೆ ಬರೆದದ್ದು ಒರಟಾಯಿತು. ಅಳಿಸುವುದಿಲ್ಲ, ಇರಲಿ. ನಮ್ಮ ಮನೆಯಲ್ಲೂ ಒಂದು ಕೇಸ್ ನಡೆಯುತ್ತಿದೆ, ನಾವು ಪೆಟ್ಟು ತಿಂದ ಕಡೆಯವರು, ಅದಕ್ಕೇ ಸಿಟ್ಟು ಬಂತು. ಕರಿಕೋಟು ಸಾರ್, ಶಿಕ್ಷೆ ಆಗುವ ಮುಂಚೆ ಇಷ್ಟು ಜನ ಒಳಗಿರುತ್ತಾರೆ ಅಂತ ನನಗೆ ನಿಜವಾಗಿ ಗೊತ್ತಿರಲಿಲ್ಲ. ಬೇಲೇ ಸಿಗದೆ ವರ್ಷಗಟ್ಟಲೆ ಇರುವವರ ಕಥೆ ಏನು?

ಕರಿಕೋಟು_ಮಂಡ್ಯ (ಸೋಮವಾರ ಸಂಜೆ 6:20)

ಬಿಎನ್‌ಎಸ್‌ಎಸ್ (ಹಳೇ ಸಿಆರ್‌ಪಿಸಿ ಬದಲು ಬಂದ ಕಾನೂನು) 479ನೇ ಸೆಕ್ಷನ್ ಇದೆ ಸಾರ್. ಆ ಅಪರಾಧಕ್ಕೆ ಇರುವ ಗರಿಷ್ಠ ಶಿಕ್ಷೆಯ ಅರ್ಧ ಒಳಗೇ ಕಳೆದಿದ್ದರೆ ಬೇಲ್ ಕೊಡಬೇಕು. ಹಿಂದೆ ಶಿಕ್ಷೆ ಆಗಿರದವರಿಗೆ ಮೂರನೇ ಒಂದು ಭಾಗ ಸಾಕು. ಗಲ್ಲು, ಜೀವಾವಧಿ ಕೇಸಿಗೆ ಇಲ್ಲ. ಒಂದಕ್ಕಿಂತ ಜಾಸ್ತಿ ಕೇಸ್ ಇದ್ದರೂ ಇಲ್ಲ, ಅಲ್ಲೇ ಬಹಳ ಜನ ಸಿಕ್ಕಿಕೊಳ್ಳುತ್ತಾರೆ. ಅರ್ಜಿ ಹಾಕಬೇಕಾದವರು ಜೈಲ್ ಸೂಪರಿಂಟೆಂಡೆಂಟೇ. ಹಳೇ ಕೇಸಿಗೂ ಇದು ಅನ್ವಯ ಅಂತ 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಮದ್ದೂರಿನವರು ಎಲ್ಲಿ? ಬೆಳಿಗ್ಗೆಯಿಂದ ಸುದ್ದಿ ಇಲ್ಲ.

ಮದ್ದೂರು_ಹೈದ (ಸೋಮವಾರ ರಾತ್ರಿ 9:12)

ಈಗ ಮನೆಗೆ ಬಂದೆ. ಕ್ಷಮಿಸಿ, ಫೋನ್ ಗೇಟಿನಲ್ಲೇ ಕೊಡಬೇಕಿತ್ತು, ಆಮೇಲೆ ಚಾರ್ಜ್ ಇರಲಿಲ್ಲ.

ಮೊದಲು ಸಿಕ್ಕವರು "ಎಲ್ಲರೂ ಹಾಗೇ ಅಂತಾರೆ ಹೋಗಪ್ಪ" ಅಂದರು. ಹಳೇ ಖಾಕಿ ಸಾರ್ ಹೇಳಿದ ಹಾಗೆ ಹಾಳೆ ತೋರಿಸಿ ನಿಂತೇ ಇದ್ದೆ. ಒಂದೂವರೆ ಗಂಟೆ ಆದ ಮೇಲೆ ಜೈಲರ್ ಕರೆದರು. ಓದಿದರು. ಎಮ್ಮೆ ಸಾಲು ಓದಿ ತಲೆ ಎತ್ತಿ, "ಗಬ್ಬದ ಎಮ್ಮೆನಾ?" ಅಂತ ಕೇಳಿದರು. ಅವರೂ ರೈತರ ಮನೆಯವರೇ ಇರಬೇಕು. ಪುಸ್ತಕದಲ್ಲಿ ಬರೆಸಿದರು, ಡಾಕ್ಟರನ್ನು ಕರೆಸಿದರು. ಬ್ಯಾರಕ್ಕಿನಲ್ಲಿ ಬಾಗಿಲ ಹತ್ತಿರಕ್ಕೆ ಹಾಸಿಗೆ ಹಾಕಿಸಿ, ಊರ ಕಡೆಯ ಇಬ್ಬರನ್ನು ಪಕ್ಕಕ್ಕೆ ಮಲಗಿಸುತ್ತೇವೆ ಅಂದರು. ನಾಡಿದ್ದು ಮನಸ್ಸಿನ ಡಾಕ್ಟರಿಗೆ ಆಸ್ಪತ್ರೆಗೆ ಕರೆದೊಯ್ಯುತ್ತಾರಂತೆ, ಎಸ್ಕಾರ್ಟ್ ಸಿಕ್ಕರೆ.

ಭಾವನನ್ನು ನೋಡಿದೆ. ಸಿಸ್ಟರ್, ನೀವು ಹೇಳಿದ ಮಾತನ್ನೇ ಕೇಳಿದೆ. ಬಾಯಿ ಒಣಗಿತ್ತು ನನಗೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ಯಾರು ಹೇಳಿದರು ನಿನಗೆ?" ಅಂದರು. ಆಮೇಲೆ ಅತ್ತರು. ಮತ್ತೆ ಅತ್ತದ್ದು ನೋಡಿ ನನಗೆ ಯಾಕೋ ಸ್ವಲ್ಪ ಜೀವ ಬಂತು.

ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಟ್ಟೆ. ಏಳು ದಿನದ ವರದಿ ಬಂದಿರಲಿಲ್ಲ, ನಾಳೆ ಒಬ್ಬ ವಕೀಲರನ್ನು ಒಳಗೆ ಕಳಿಸುತ್ತೇವೆ ಅಂದಿದ್ದಾರೆ. ಶ್ಯೂರಿಟಿಗೆ ನಮ್ಮ ಸೋದರಮಾವ ಅರ್ಧ ಒಪ್ಪಿದ್ದಾರೆ, ಬಾಂಡಿನ ಮೊತ್ತ ಎಷ್ಟು ಅಂತ ಬರೆಸಿಕೊಂಡು ಬಾ ಅಂದರು. ಇನ್ನೊಬ್ಬರು ಬೇಕು.

ಅಕ್ಕ ಗುರುವಾರ ಬರುತ್ತಾಳೆ. ಬಸ್ ಬೇಡ, ಗೆಳೆಯನ ಆಟೋದಲ್ಲಿ ಕರೆದುಕೊಂಡು ಹೋಗುತ್ತೇನೆ. "ಎಮ್ಮೆ ಮಾರುವುದಿಲ್ಲ, ಈದ ಮೇಲೆ ನೀವೇ ಬಂದು ಹಾಲು ಕರೆಯಿರಿ ಅಂತ ಹೇಳುತ್ತೇನೆ" ಅಂದಳು.

ನಾಲ್ಕು_ತಿಂಗಳು (ಸೋಮವಾರ ರಾತ್ರಿ 9:30)

ಹೇಳಲಿ. ಆದರೆ ಯಾವತ್ತು ಅಂತ ದಿನ ಹೇಳುವುದು ಬೇಡ ಅನ್ನಿ ಅಕ್ಕನಿಗೆ.

ಹಳೇ_ಖಾಕಿ (ಸೋಮವಾರ ರಾತ್ರಿ 9:34)

ಗುರುವಾರ ಹೋದಾಗ ರಾತ್ರಿ ಡ್ಯೂಟಿಯವರಿಗೂ ಗೊತ್ತಾ ಅಂತ ಒಂದು ಸಲ ಕೇಳು ತಮ್ಮಾ. ಎರಡನೇ ಶ್ಯೂರಿಟಿಗೆ ನನಗೆ ಮೆಸೇಜ್ ಮಾಡು. ಮಳವಳ್ಳಿ ಹತ್ತಿರ ನನ್ನ ಹೆಸರಿನಲ್ಲಿ ಒಂದು ಎಕರೆ ಇದೆ.